ಬೆಡಿಗೂ ಒಂದು ಆಟಿ ಕಷಾಯ

ಕಾಸರಗೋಡಿನ ಬದಿಯಡ್ಕ ಕಡೆ ತೋಟವಿರುವ ಕೆಲವು ಮನೆಗಳಲ್ಲಿ ಲೈಸೆನ್ಸಿನ ಬೆಡಿ, ಅಂದರೆ ಕೋವಿ, ಇರುತ್ತದೆ. ನಮ್ಮಲ್ಲಿರುವುದು ಅಜ್ಜನ ಕಾಲದ ಹನ್ನೆರಡು ಬೋರಿನ ಕೋವಿ. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಕೊಲ್ಲಲು ಕೇರಳದಲ್ಲಿ 2022ರಿಂದ ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು. ಅನುಮತಿಯೂ ಬರುತ್ತದೆ, ಹಂದಿಯೂ ಬರುತ್ತದೆ. ಎರಡೂ ಒಂದೇ ರಾತ್ರಿ ಬರುವುದಿಲ್ಲ, ಅಷ್ಟೇ. ಹಾಗಾಗಿ ನಮ್ಮ ಬೆಡಿ ಹೋರಾಡುವುದೆಲ್ಲ ತುಕ್ಕಿನ ಜೊತೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಗಾಳಿಯ ತೇವ ಶೇಕಡಾ 60 ದಾಟಿದರೆ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಜನ ಕಹಿ ಕಷಾಯ ಕುಡಿಯುವ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮದು ತೊಂಬತ್ತರ ಆಸುಪಾಸು. ಬೆಲ್ಟಿಗೇ ಬೂಸ್ಟು ಬರುವಾಗ ಬೆಡಿ ಏನು ಮಾಡೀತು?

ಅಮ್ಮನ ಔಷಧ ತೆಂಗಿನೆಣ್ಣೆ. ಅದು ದಿನ ಕಳೆದಂತೆ ಕಮಟಿ, ಅಂಟಾಗಿ, ಧೂಳು ಹಿಡಿಯುತ್ತದೆ. ಮಿಲಿಟ್ರಿಯಿಂದ ರಿಟೈರಾಗಿ ಬಂದ ಸೋದರಮಾವ ನೋಡಿ ಕಂಗಾಲಾದರು. "ಅಕ್ಕಾ, ಇದಕ್ಕೆ ಕೂದಲು ಬರ್ಲಿಕ್ಕುಂಟಾ?"

"ನಿನ್ನ ತಲೆಗೆ ಹಚ್ಚಿದ್ರೂ ಬರ್ಲಿಲ್ಲ, ಬಿಡು" ಅಂದರು ಅಮ್ಮ.

ಮಾವನಿಗೆ ತ್ರೀ ನಾಟ್ ತ್ರೀ ರೈಫಲ್ಲೆಂದರೆ ಪ್ರಾಣ. ಹಳೇ ಮಿಲಿಟ್ರಿ ತೋಟೆಯ ಕ್ಯಾಪಿನ ಮದ್ದು ಸಿಡಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತಿತ್ತು. ಅದು ತೇವ ಎಳೆದು ನಳಿಗೆಯನ್ನು ತಿನ್ನುತ್ತಿತ್ತು. ಎಣ್ಣೆಗೆ ಉಪ್ಪು ಕರಗುವುದಿಲ್ಲವಲ್ಲ, ಅದಕ್ಕೇ ಗುಂಡು ಹೊಡೆದ ಮೇಲೆ ನಳಿಗೆಯೊಳಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ನಮ್ಮ ತೋಟೆಗೆ ಆ ತೊಂದರೆ ಇಲ್ಲ. ಬೆಡಿ ಹೊಡೆದೇ ವರ್ಷಗಳಾಗಿತ್ತು ಬೇರೆ. ಆದರೂ ಮಾವ ಒಂದು ಚೆಂಬು ಕುದಿನೀರು, ಒಂದು ಆಲಿಕೆ ಕೇಳಿದರು. ಸಿಕ್ಕಿದ್ದು ತುಪ್ಪದ ಆಲಿಕೆ. ಬೆಡಿಯಿಂದ ಆ ದಿನ ಹೋಳಿಗೆಯ ಪರಿಮಳ ಬಂತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ರೈಫಲ್ಲುಗಳಿಗೆ ಕಾಸ್ಮೊಲಿನ್ ಎಂಬ ಕಂದು ಜಿಡ್ಡು ಬಳಿದು ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ದಶಕಗಳ ಮೇಲೆ ತೆರೆದರೂ ಒಳಗಿನ ಉಕ್ಕು ಹೊಸತೇ. ಬದಿಯಡ್ಕ ಪೇಟೆಯಲ್ಲಿ ಅದೆಲ್ಲಿ? ಮಾವ ಗ್ರೀಸು ತಂದು ಒಳಗೂ ಹೊರಗೂ ಧಾರಾಳವಾಗಿ ಮೆತ್ತಿದರು. ಅದೇ ವಾರ ಅನುಮತಿಯೂ ಹಂದಿಯೂ ಒಟ್ಟಿಗೇ ಬಂದವು! ನಳಿಗೆಯಲ್ಲಿ ಗ್ರೀಸು ಇಟ್ಟುಕೊಂಡು ಗುಂಡು ಹಾರಿಸುವಂತಿಲ್ಲ. ಸೀಮೆಎಣ್ಣೆ ಹುಡುಕಿ ಬಟ್ಟೆ ತೂರಿಸಿ ಎಳೆಯುವಷ್ಟರಲ್ಲಿ ಮರಗೆಣಸಿನ ಸಾಲು ಮುಗಿದಿತ್ತು.

2024ರ ಲೋಕಸಭಾ ಚುನಾವಣೆ ಮುಗಿಯುವವರೆಗೆ ಇಡಲಿಕ್ಕೆ ಬೆಡಿ ಪೊಲೀಸ್ ಠಾಣೆಗೆ ಹೋಯಿತು. ಮರ್ಯಾದೆಯಾಗಿ ಹೋಗಲಿ ಅಂತ ಅಮ್ಮ ಅಜ್ಜನ ಚರ್ಮದ ಚೀಲದಲ್ಲಿ ಕಳಿಸಿದರು. ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಮಳೆಗಾಲ ಅದಕ್ಕೂ ಮೊದಲೇ ಬಂದಿತ್ತು. ತಂದು ಬಿಚ್ಚಿ ನೋಡಿದರೆ ಚೀಲ ತಾಗಿದಲ್ಲೆಲ್ಲ ಕೆಂಪು ಪಟ್ಟೆ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಿದ ಉಪ್ಪು-ಆಮ್ಲವೂ ಅದರಲ್ಲಿ ಉಳಿದಿರುತ್ತದೆ. ಈಗ ತೆಳುವಾಗಿ ಬೆಡಿ ಎಣ್ಣೆ, ಗಾಳಿಯಾಡುವ ಕಪಾಟು, ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಅದನ್ನು ಅಮ್ಮ ಆಗಾಗ ಬಿಸಿಮಾಡಿ ಒಣಗಿಸುತ್ತಾರೆ.

ಇಷ್ಟಾದರೂ ಮಳೆಗಿಂತ ಜಾಸ್ತಿ ಹೆದರಿಕೆ ನೆಂಟರದ್ದು. ಬಂದವರೆಲ್ಲ ಮುಟ್ಟಿ ನೋಡುವವರೇ. ಬೆವರಿನ ಉಪ್ಪು ತಾಗಿದರೆ ಬೆರಳಿನ ಗುರುತೇ ತುಕ್ಕಾಗಿ ಮೂಡುತ್ತದೆ. ಅದಕ್ಕೆ ಮಾವ ಬೆಡಿ ತೋರಿಸುವ ಮೊದಲು ಕೈಗೆ ಸೋಪು ಕೊಡುತ್ತಾರೆ. ಮೊನ್ನೆ ಬಂದ ಭಾವ ಚೆನ್ನಾಗಿ ಕೈ ತೊಳೆದು, ಒರೆಸಿ, ನೇರ ಹೋಗಿ ಬಾಳೆಲೆಯ ಜಾಗದಲ್ಲಿ ಕುಳಿತು ಕೇಳಿದರು: "ಇವತ್ತು ಎಂತ ಸಾಂಬಾರು?"