ಸರ್ಕಾರವೇ ಕರೆಸಿದ ನೆಂಟರು

ಒಹಾಯೊದ ನಮ್ಮ ಊರಿನಲ್ಲಿ ಸೋಯಾ ಕೊಯ್ಲು ಮುಗಿದು, ಒಮ್ಮೆ ಚಳಿ ಬಿದ್ದು, ಮತ್ತೆ ಬಿಸಿಲು ಬಂತೆಂದರೆ ನನಗೆ ದಿಗಿಲು ಶುರು. ಹೊಲದ ಗಿಡಹೇನುಗಳನ್ನು ತಿಂದು ಕೊಬ್ಬಿದ ಗುಲಗಂಜಿ ಹುಳುಗಳು ಆ ಮಧ್ಯಾಹ್ನವೇ ಮನೆ ಹುಡುಕಲು ಹೊರಡುತ್ತವೆ. ತಿಳಿ ಬಣ್ಣದ ಗೋಡೆ, ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ, ಧಾರಾಳ ಬಿಸಿಲು: ಅವುಗಳ ವಾಸ್ತು ಇಷ್ಟೇ. ಮನೆ ಕೊಳ್ಳುವಾಗ ನಾವು ಪೂರ್ವದ ಬಾಗಿಲೇ ಬೇಕೆಂದು ಹಟ ಹಿಡಿದಿದ್ದೆವು. ಹಾಗಾದರೆ ಹಿಂಗೋಡೆ ಪಶ್ಚಿಮಕ್ಕೇ ಇರುತ್ತದೆ ಎಂಬ ಲೆಕ್ಕವನ್ನು ಹುಳುಗಳು ಮೊದಲು ಮಾಡಿದವು.

ಇವುಗಳ ತವರು ಪೂರ್ವ ಏಷ್ಯಾ. ಬೆಳೆಯ ಹೇನು ತಿನ್ನಲಿ ಎಂದು ಅಮೆರಿಕದವರೇ ತರಿಸಿ 1916ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು, ಆಮೇಲೆ ಕೃಷಿ ಇಲಾಖೆ ಬೇರೆ ರಾಜ್ಯಗಳಲ್ಲೂ ಬಿಟ್ಟಿತು. ದಶಕಗಳವರೆಗೆ ಎಲ್ಲಿಯೂ ಬೇರೂರಲಿಲ್ಲ. 1988ರಲ್ಲಿ ಲೂಸಿಯಾನಾದಲ್ಲಿ ನೆಲೆ ನಿಂತದ್ದು ಕಂಡುಬಂತು. ಈಗ ನೆಲೆ ಬಿಡಿಸುವವರಿಲ್ಲ. ಪಕ್ಕದ ಮನೆಯ ಅಜ್ಜ ಮೊನ್ನೆ ಬೇಲಿಯಾಚೆಯಿಂದ, “ಈ ಏಷ್ಯಾದವು ಬಂದು ಸೇರಿಕೊಂಡರೆ ಹೋಗುವುದೇ ಇಲ್ಲ” ಎಂದು ಗೊಣಗಿ, ನನ್ನ ಮುಖ ನೋಡಿ, “ಹುಳು! ಹುಳುವಿನ ಮಾತು!” ಎಂದು ಬೆವರಿದರು. ಆ ಸಂಜೆ ಅವರ ಮನೆಯಿಂದ ಸೇಬಿನ ಕಡುಬು ಬಂತು. ಹುಳುಗಳಿಂದ ನಮಗಾದ ಲಾಭ ಅದೊಂದೇ.

ನಿಜ ಹೇಳಬೇಕೆಂದರೆ ಅವು ಮರ ಕೊರೆಯುವುದಿಲ್ಲ, ಅಕ್ಕಿ ಮುಟ್ಟುವುದಿಲ್ಲ, ಮನೆಯೊಳಗೆ ಮರಿ ಹಾಕುವುದೂ ಇಲ್ಲ. ಸುಮ್ಮನೆ ಮಲಗುತ್ತವೆ. ಆದರೆ ಮುಟ್ಟಿದರೆ ಕಾಲಿನ ಸಂದುಗಳಿಂದ ಹಳದಿ ರಸ ಸುರಿಸುತ್ತವೆ. ಪರದೆಯ ಮೇಲಿನ ಆ ಕಲೆ ನೋಡಿ ಊರಿನಿಂದ ಬಂದಿದ್ದ ಅತ್ತೆ, “ಅರಿಶಿನದ ಕೈ ಒರೆಸಿದ್ದೀಯಾ?” ಎಂದರು. ಮೂಗು ಹತ್ತಿರ ತಂದ ಮೇಲೆ ಆ ಆರೋಪವನ್ನು ವಾಪಸು ಪಡೆದರು. ದೊಣ್ಣೆಮೆಣಸಿನಕಾಯಿಗೆ ಘಾಟು ಕೊಡುವ ಪೈರಜಿನ್ ಜಾತಿಯ ರಾಸಾಯನಿಕ ಇದರಲ್ಲೂ ಇದೆ. ದ್ರಾಕ್ಷಿಯ ಜತೆ ಕೆಲವು ಹುಳುಗಳು ಅರೆದುಹೋದರೂ ವೈನ್ ಕೆಡುತ್ತದಂತೆ.

ಹೊಡೆಯಬಾರದು, ಹೀರಿ ತೆಗೆಯಬೇಕು ಎಂದು ಓದಿದ ನಮ್ಮ ಯಜಮಾನರು ವ್ಯಾಕ್ಯೂಮ್ ಕ್ಲೀನರ್ ಹಿಡಿದು ರಣರಂಗಕ್ಕೆ ಇಳಿದರು. ಕೊಳವೆಯೊಳಗೆ ಹಳೆಯ ಕಾಲುಚೀಲ ತೂರಿಸಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು, ಹುಳು ಅದರಲ್ಲೇ ಉಳಿಯುವಂತೆ ಮಾಡಬೇಕೆಂಬ ಮುಂದಿನ ವಾಕ್ಯವನ್ನು ಅವರು ಓದಿರಲಿಲ್ಲ. ಯಂತ್ರ ಎದುರಿನಿಂದ ಹುಳು ಹೀರಿ ಹಿಂದಿನಿಂದ ವಾಸನೆ ಊದಿತು. ಅಂದು ರಾತ್ರಿ ಊಟ ಹೋಟೆಲಿನಲ್ಲಿ ಆಯಿತು.

ಜನವರಿಯಲ್ಲಿ ಹೊರಗೆ ಹಿಮ, ಒಳಗೆ ಹೀಟರ್. ಗೋಡೆಯೊಳಗಿದ್ದವಕ್ಕೆ ವಸಂತ ಬಂದಂತೆ ಭ್ರಮೆಯಾಗಿ ಒಂದೊಂದೇ ಹೊರಬಂದು ದೀಪದ ಸುತ್ತ ತಿರುಗಿ ಸಿಕ್ಕಲ್ಲಿ ಬೀಳುತ್ತವೆ. ಸಂಕ್ರಾಂತಿಗೆ ಬಂದಿದ್ದ ಹಿರಿಯರೊಬ್ಬರು ಎಳ್ಳು ಬೀರುವ ತಟ್ಟೆಯಿಂದ, ಬಣ್ಣದ ಜೀರಿಗೆ ಪೆಪ್ಪರ್‌ಮಿಂಟ್ ಸಮೇತ, ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಣ್ಣು ಅಗಲವಾಯಿತು. ಸಿಂಕಿನ ಕಡೆ ಹೋದರು. ಬಹಳ ಹೊತ್ತು ನೀರು ಹರಿಯುವ ಸದ್ದು.

ಎಳ್ಳುಬೆಲ್ಲ ತಿಂದವರು ಒಳ್ಳೆಯ ಮಾತನಾಡಬೇಕಲ್ಲ! ಬಾಯಿ ಒರೆಸಿಕೊಳ್ಳುತ್ತಾ ಬಂದು, “ಕೊಬ್ಬರಿ ಚೆನ್ನಾಗಿ ಹೆಚ್ಚಿದ್ದೀಯಮ್ಮ” ಎಂದರು.