ಏನೂ ಕಲಿಯದ ಅಜ್ಜಿಯಲ್ಲ

ಸೂಲಗಿತ್ತಿ ನರಸಮ್ಮನವರನ್ನು ನೆನೆದು ಬರೆದಿದ್ದಕ್ಕೆ ಥ್ಯಾಂಕ್ಸ್. ಆದರೆ 'ಏನೂ ಕಲಿಯದಿದ್ದರೂ ಬರೀ ಕೈಗುಣದಿಂದ 15,000 ಹೆರಿಗೆ ಮಾಡಿಸಿದರು' ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪಲು ಆಗುತ್ತಿಲ್ಲ. ಶಾಲೆಗೆ ಹೋಗಿರಲಿಲ್ಲ, ನಿಜ. ಆದರೆ ಪಾವಗಡದ ಕೃಷ್ಣಾಪುರದಲ್ಲಿ ಈ ಕೆಲಸವನ್ನು ಅವರು ಕಲಿತಿದ್ದು ಸ್ವಂತ ಅಜ್ಜಿಯಿಂದ. ತಾನೇ 12 ಮಕ್ಕಳನ್ನು ಹೆತ್ತ ತಾಯಿ ಬೇರೆ. ಬಸುರಿಯ ಹೊಟ್ಟೆ ಮುಟ್ಟಿ ಒಳಗಿನ ಮಗು ಹೇಗಿದೆ ಅಂತ ಹೇಳುವುದು ಸುಮ್ನೆ ಬರುತ್ತದಾ? ಅದೂ ಓದೇ ಅಲ್ವಾ?

ನಮ್ಮಜ್ಜಿಯೂ ಹಾಗೇ. ನನ್ನ ಮಗಳಿಗೆ ಮೂರು ತಿಂಗಳು ನೀರು ಹಾಕಿದ್ದು ಅವರೇ. ಬಚ್ಚಲಲ್ಲಿ ಮಣೆ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಪ್ರತಿ ಚೊಂಬು ನೀರನ್ನೂ ಮೊದಲು ತನ್ನ ಮೊಣಕಾಲಿಗೆ ಸುರಿದುಕೊಂಡು ಬಿಸಿ ನೋಡಿ, ಆಮೇಲೆ ಅಂಗೈ ಅಡ್ಡ ಹಿಡಿದು ಅದರ ಮೇಲಿಂದ ಮಗುವಿಗೆ ಬಿಡುತ್ತಿದ್ದರು. ಒಂದು ದಿನವೂ ಮಗು ಬೆಚ್ಚಿದ್ದಿಲ್ಲ. ನಾನು ಹಾಕಿದರೆ ಮಾತ್ರ ಕಿರುಚುತ್ತಿದ್ದಳು.

ನರಸಮ್ಮ ಹೋಗಿದ್ದು ಪದ್ಮಶ್ರೀ ಬಂದ ವರ್ಷವೇ, 2018ರ ಡಿಸೆಂಬರ್ 25ಕ್ಕೆ. ಆ 'ಏನೂ ಕಲಿಯದಿದ್ದರೂ' ಅನ್ನುವುದನ್ನು ದಯವಿಟ್ಟು ತೆಗೆಯಿರಿ. ಅವರ ಅಜ್ಜಿಗೂ ಒಂದು ಸಾಲು ಸಿಗಲಿ.