ಮಂಜುಗಡ್ಡೆ ಕೊರೆಯುವುದು ಆಮೇಲಾಗಲಿ, ಮೊದಲು ಎನ್ಸೆಲಾಡಸ್‌ನ ಚಿಲುಮೆಗೆ ಹೋಗೋಣ

ಗುರುಗ್ರಹದ ಚಂದ್ರ ಯುರೋಪಾದ ಮಂಜುಗಡ್ಡೆಯನ್ನು ಕೊರೆದು ಕೆಳಗಿನ ಕಡಲಿಗೆ ರೋಬೋಟ್ ಇಳಿಯುವ ಚಿತ್ರ ಎಲ್ಲರಿಗೂ ಇಷ್ಟ. ಹಿಮ ಉಪಗ್ರಹಗಳಲ್ಲಿ ಜೀವ ಹುಡುಕುವ ಮಾತು ಬಂದಾಗಲೆಲ್ಲ ಅದೇ ಚಿತ್ರ ಮುಂದೆ ಬರುತ್ತದೆ. ನನ್ನ ವಾದ ಬೇರೆ. ಭೂಮಿಯಾಚೆ ಜೀವ ಇದೆಯೇ ಎಂಬ ಪ್ರಶ್ನೆಗೆ ಈಗ ಬದುಕಿರುವವರು ಉತ್ತರ ಕೇಳಿಸಿಕೊಳ್ಳಬೇಕಾದರೆ ಮುಂದಿನ ದೊಡ್ಡ ನೌಕೆ ಶನಿಯ ಪುಟ್ಟ ಚಂದ್ರ ಎನ್ಸೆಲಾಡಸ್‌ಗೆ ಹೋಗಬೇಕು. ಜೊತೆಗೆ, ರಾಕೆಟ್ ಹಾರುವ ಮುಂಚೆಯೇ ಯಾವ ಫಲಿತಾಂಶ ಬಂದರೆ "ಜೀವ ಸಿಕ್ಕಿಲ್ಲ" ಎಂದು ಒಪ್ಪಿಕೊಳ್ಳುತ್ತೇವೆ ಎಂಬುದನ್ನು ಬರೆದು ಪ್ರಕಟಿಸಬೇಕು. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ಕೊರೆಯುವ ಲೆಕ್ಕದಿಂದಲೇ ಶುರು ಮಾಡೋಣ. ಯುರೋಪಾದ ಹಿಮದ ಚಿಪ್ಪು ಸುಮಾರು 15ರಿಂದ 25 ಕಿ.ಮೀ. ದಪ್ಪ ಎಂಬುದು ಹೆಚ್ಚಿನವರು ಬಳಸುವ ಅಂದಾಜು. ಮೇಲ್ಮೈ ಉಷ್ಣತೆ ಸಮಭಾಜಕದಲ್ಲೇ ಮೈನಸ್ 160 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಷ್ಟು ತಣ್ಣಗಿನ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಗೆ ತಂದು ಕರಗಿಸಲು ಸುಮಾರು 600 ಕಿಲೋಜೌಲ್ ಬೇಕು. 25 ಸೆಂ.ಮೀ. ಅಗಲದ ರಂಧ್ರ ಒಂದು ಕಿ.ಮೀ. ಇಳಿಯಬೇಕಾದರೆ 45 ಟನ್ ಹಿಮ ಕರಗಬೇಕು. 10 ಕಿಲೋವ್ಯಾಟ್ ಶಾಖ ಕೊಡುವ ಯಂತ್ರಕ್ಕೆ ಇದು ಒಂದು ತಿಂಗಳ ಕೆಲಸ, 20 ಕಿ.ಮೀ.ಗೆ ಇಪ್ಪತ್ತು ತಿಂಗಳಿಗೂ ಹೆಚ್ಚು. ಅದೂ ಒಂದಿಷ್ಟು ಶಾಖವೂ ಪಕ್ಕದ ಹಿಮಕ್ಕೆ ಸೋರಿ ಹೋಗದಿದ್ದರೆ ಮಾತ್ರ. ವಾಸ್ತವದಲ್ಲಿ ಬಹಳಷ್ಟು ಸೋರುತ್ತದೆ, ಮೇಲಿನ ಚಳಿಪದರದಲ್ಲಂತೂ ಇನ್ನೂ ಹೆಚ್ಚು. ಕ್ಯೂರಿಯಾಸಿಟಿ ರೋವರ್‌ನಲ್ಲಿರುವ ಪ್ಲುಟೋನಿಯಂ ವಿದ್ಯುತ್ ಘಟಕದಲ್ಲಿ 4.8 ಕಿಲೋ ಪ್ಲುಟೋನಿಯಂ ಡೈಆಕ್ಸೈಡ್ ಇದೆ, ಅದರ ಶಾಖ ಸುಮಾರು 2,000 ವ್ಯಾಟ್. ಅಂಥ ಐದು ಘಟಕಗಳ ಇಂಧನವನ್ನು ಒಂದು ಸಣ್ಣ ಕೊಳವೆಯೊಳಗೆ ತುಂಬಬೇಕು.

ತೊಂದರೆ ಮೊದಲ ಅಂಗುಲದಲ್ಲೇ ಶುರು. ಮೇಲ್ಮೈಯಲ್ಲಿ ಗಾಳಿಯಿಲ್ಲ. ನಿರ್ವಾತದಲ್ಲಿ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಕ್ತಿ ಕರಗಿಸುವ ಶಕ್ತಿಯ ಎಂಟು ಪಟ್ಟು. ಹಿಂದಿನ ರಂಧ್ರ ಮತ್ತೆ ಹೆಪ್ಪುಗಟ್ಟಿ ಮುಚ್ಚಿಕೊಂಡ ಮೇಲಷ್ಟೇ ಒತ್ತಡ ನಿಂತು ನೀರು ನೀರಾಗಿ ಉಳಿಯುತ್ತದೆ. ಮುಚ್ಚಿಕೊಂಡರೆ ಮೇಲಿನ ನೌಕೆಗೂ ಕೆಳಗಿನ ಯಂತ್ರಕ್ಕೂ ನಡುವಿನ ಕೇಬಲ್ ಹಿಮದಲ್ಲಿ ಸಿಕ್ಕಿಬೀಳುತ್ತದೆ. ಚಿಪ್ಪು ಉಬ್ಬರವಿಳಿತಕ್ಕೆ ಬಾಗಿದಾಗ ಅದು ತುಂಡಾಗಬಹುದು. ಇನ್ನು ಹಿಮದಲ್ಲಿರುವ ಉಪ್ಪು, ದೂಳು ಯಂತ್ರದ ಮೂತಿಯ ಕೆಳಗೆ ಕೆಸರಾಗಿ ಕೂತು ಶಾಖವನ್ನು ತಡೆಯುತ್ತದೆ. ಬಿಸಿನೀರಿನ ಧಾರೆಯಿಂದ ಅದನ್ನು ತಳ್ಳುತ್ತಲೇ ಇರಬೇಕು. ಇವು ಯಾವುವೂ ಬಗೆಹರಿಯದ ಸಮಸ್ಯೆಗಳಲ್ಲ. ಆದರೆ ಎಲ್ಲವೂ ಒಟ್ಟಿಗೆ, ಕೈ ಹಾಕಿ ಸರಿಪಡಿಸಲಾಗದ ದೂರದಲ್ಲಿ, ಎರಡು ವರ್ಷ ತಪ್ಪದೆ ನಡೆಯಬೇಕು.

ಯುರೋಪಾದಲ್ಲಿ ಕಡಲಿದೆ ಎಂಬ ಬಗ್ಗೆ ಅನುಮಾನ ಬಹಳ ಕಡಿಮೆ. ಗುರುವಿನ ಕಾಂತಕ್ಷೇತ್ರ ವಾಲಿಕೊಂಡಿರುವುದರಿಂದ ಯುರೋಪಾ ಇರುವಲ್ಲಿ ಅದರ ದಿಕ್ಕು ಸುಮಾರು 11 ಗಂಟೆಗೊಮ್ಮೆ ಅತ್ತಿಂದಿತ್ತ ತೂಗುತ್ತದೆ. ಅದಕ್ಕೆ ಪ್ರತಿಯಾಗಿ ಯುರೋಪಾದೊಳಗೂ ಒಂದು ಕಾಂತಕ್ಷೇತ್ರ ಎದ್ದು, ಅದೇ ತಾಳಕ್ಕೆ ತಿರುಗುವುದನ್ನು ಗೆಲಿಲಿಯೋ ನೌಕೆಯ ಮ್ಯಾಗ್ನೆಟೋಮೀಟರ್ 2000ದ ಜನವರಿಯಲ್ಲಿ ಖಚಿತಪಡಿಸಿತು. ವಿದ್ಯುತ್ ಹರಿಯುವ ಉಪ್ಪುನೀರಿನ ಪದರವಿದ್ದರೆ ಹೀಗಾಗುತ್ತದೆ. ಗಟ್ಟಿ ಹಿಮಕ್ಕೆ ಆ ಗುಣವಿಲ್ಲ. 2024ರ ಅಕ್ಟೋಬರ್ 14ರಂದು ಹೊರಟ ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ತಲುಪಿ 49 ಸಲ ಹಾದುಹೋಗಲಿದೆ, ಅತಿ ಹತ್ತಿರ ಎಂದರೆ 25 ಕಿ.ಮೀ. ಎತ್ತರದಲ್ಲಿ. ಅದರ ರೇಡಾರ್ ಎರಡು ತರಂಗಗಳನ್ನು ಬಳಸುತ್ತದೆ. 60 ಮೆಗಾಹರ್ಟ್ಸ್ ಮೇಲಿನ ಕೆಲವು ಕಿ.ಮೀ.ಗಳನ್ನು ಸೂಕ್ಷ್ಮವಾಗಿ ತೋರಿಸಿದರೆ 9 ಮೆಗಾಹರ್ಟ್ಸ್ ಇನ್ನೂ ಆಳಕ್ಕೆ ಇಳಿಯುತ್ತದೆ. ನನಗೆ ಈ ಯೋಜನೆಯ ಮೇಲೆ ಅಪಾರ ಗೌರವವಿದೆ. ಆದರೆ ಅದು ಜೀವ ಪತ್ತೆ ಮಾಡುವ ನೌಕೆಯಲ್ಲ. ಜೀವಕ್ಕೆ ಅನುಕೂಲವಾದ ಸ್ಥಿತಿ ಅಲ್ಲಿದೆಯೇ ಎಂದು ನೋಡುವುದಷ್ಟೇ ಅದರ ಕೆಲಸ, ಹಾಗೆಂದು ನಾಸಾ ಮೊದಲಿನಿಂದಲೂ ಹೇಳುತ್ತಿದೆ. 2030ರಲ್ಲಿ "ಜೀವ ಸಿಗಲಿಲ್ಲ" ಎಂಬ ತಲೆಬರಹ ಹಾಕುವವರು ಇದನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳಲಿ.

ಯುರೋಪಾದ ಮೇಲೆ ಇಳಿದು ಮೇಲ್ಪದರ ಕೆರೆಯುವುದೂ ಸುಲಭವಲ್ಲ. ಅಲ್ಲಿನ ವಿಕಿರಣ ದಿನಕ್ಕೆ ಸುಮಾರು 5.4 ಸೀವರ್ಟ್, ಒಂದೇ ದಿನಕ್ಕೆ ಮನುಷ್ಯನಿಗೆ ಮಾರಕ. ಕ್ಲಿಪ್ಪರ್ ಯುರೋಪಾವನ್ನು ಸುತ್ತದೆ ಗುರುವನ್ನು ಸುತ್ತುತ್ತಾ ಬಂದು ಹೋಗುವುದೂ, ಅದರ ಎಲೆಕ್ಟ್ರಾನಿಕ್ಸ್ ದಪ್ಪ ಲೋಹದ ಪೆಟ್ಟಿಗೆಯಲ್ಲಿ ಇರುವುದೂ ಇದಕ್ಕೇ. ಹೆಚ್ಚು ವಿಕಿರಣ ಬೀಳುವ ಜಾಗಗಳಲ್ಲಿ, ಪ್ರೋಟೀನ್ ಕಟ್ಟುವ ಅಮಿನೋ ಆಮ್ಲ ಉಳಿದಿರಬೇಕಾದರೆ 10ರಿಂದ 20 ಸೆಂ.ಮೀ. ಕೆಳಗೆ ಹುಡುಕಬೇಕು ಎಂಬ ಅಂದಾಜಿದೆ.

ಈಗ ಎನ್ಸೆಲಾಡಸ್. ಅಡ್ಡಳತೆ ಬರೀ 504 ಕಿ.ಮೀ. 2005ರಲ್ಲಿ ಕ್ಯಾಸಿನಿ ನೌಕೆ ಇದರ ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದ ಬಿರುಕುಗಳನ್ನೂ ಅವುಗಳಿಂದ ಚಿಮ್ಮುವ ನೀರಾವಿ, ಹಿಮಕಣಗಳನ್ನೂ ಕಂಡಿತು. ಸೆಕೆಂಡಿಗೆ ಸುಮಾರು 200ರಿಂದ 300 ಕಿಲೋ ನೀರು ಹೊರಬರುತ್ತಿದೆ. ನಾವು ಕೊರೆಯಬೇಕಾಗಿಯೇ ಇಲ್ಲ, ಕಡಲೇ ತನ್ನ ಮಾದರಿಯನ್ನು ಆಕಾಶಕ್ಕೆ ಎಸೆಯುತ್ತಿದೆ. ಈ ಚಂದ್ರ ತನ್ನ ಕಕ್ಷೆಯಲ್ಲಿ ಹೊಯ್ದಾಡುವ ಪ್ರಮಾಣ 0.12 ಡಿಗ್ರಿ. ಹಿಮದ ಚಿಪ್ಪು ಒಳಗಿನ ಕಲ್ಲಿಗೆ ಅಂಟಿಕೊಂಡಿದ್ದರೆ ಇಷ್ಟು ಹೊಯ್ದಾಟ ಸಾಧ್ಯವಿಲ್ಲ. ಹಾಗಾಗಿ ಕಡಲು ಧ್ರುವದಲ್ಲಷ್ಟೇ ಇಲ್ಲದೆ ಇಡೀ ಗೋಳವನ್ನು ಆವರಿಸಿದೆ ಎಂದು ತಿಳಿಯಿತು.

ಚಿಲುಮೆಯಲ್ಲಿ ಸಿಕ್ಕಿದ್ದೇನು? ಮೊದಲು ಅಡುಗೆ ಉಪ್ಪು, ಅಂದರೆ ನೀರು ಕಲ್ಲನ್ನು ಮುಟ್ಟುತ್ತಿದೆ. ಆಮೇಲೆ ಕೆಲವೇ ನ್ಯಾನೋಮೀಟರ್ ಗಾತ್ರದ ಸಿಲಿಕಾ ಕಣಗಳು, ಅಂದರೆ ಆ ಕಲ್ಲಿನ ಸಂದಿಯಲ್ಲಿ ನೀರು 90 ಡಿಗ್ರಿಗಿಂತ ಬಿಸಿ. ದೊಡ್ಡ ಸಾವಯವ ಅಣುಗಳ ಚೂರುಗಳು ಸಿಕ್ಕವು. 2023ರಲ್ಲಿ ಫಾಸ್ಫೇಟ್ ಸಿಕ್ಕಿತು, ಭೂಮಿಯ ಸಾಗರಗಳಿಗಿಂತ ಕನಿಷ್ಠ ನೂರು ಪಟ್ಟು ಹೆಚ್ಚಿನ ಸಾಂದ್ರತೆಯಲ್ಲಿ. ಇವೆಲ್ಲ ಒಂದರ ಮೇಲೊಂದು ಕೂಡಿದ ಸುಳಿವುಗಳು, ಬೇರೆ ಯಾವ ಹಿಮ ಉಪಗ್ರಹದ ಬಗ್ಗೆಯೂ ನಮ್ಮ ಬಳಿ ಇಂಥ ಸರಣಿ ಇಲ್ಲ.

ಇವುಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಹೈಡ್ರೋಜನ್. 2015ರ ಅಕ್ಟೋಬರ್ 28ರಂದು ಕ್ಯಾಸಿನಿ ಮೇಲ್ಮೈಯಿಂದ 49 ಕಿ.ಮೀ. ಎತ್ತರದಲ್ಲಿ ಚಿಲುಮೆಯೊಳಗೆ ನುಗ್ಗಿ ಅಳೆದಾಗ ಅನಿಲದಲ್ಲಿ 0.4ರಿಂದ 1.4 ಶೇಕಡ ಹೈಡ್ರೋಜನ್ ಇತ್ತು. ಕಬ್ಬಿಣವಿರುವ ಆಲಿವಿನ್ ಕಲ್ಲಿನ ಜೊತೆ ಬಿಸಿನೀರು ಬೆರೆತಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಭೂಮಿಯಲ್ಲಿ ಅಟ್ಲಾಂಟಿಕ್ ತಳದ ಲಾಸ್ಟ್ ಸಿಟಿ ಎಂಬ ಬಿಸಿಬುಗ್ಗೆ ಪ್ರದೇಶದಲ್ಲಿ ಇದೇ ನಡೆಯುತ್ತಿದೆ. ಹೈಡ್ರೋಜನ್ನನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡಿ, ಆ ಶಕ್ತಿಯಿಂದ ಬದುಕುವ ಸೂಕ್ಷ್ಮಜೀವಿಗಳು ನಮ್ಮಲ್ಲಿವೆ. ಅವಕ್ಕೆ ಬೇಕಾದ ಊಟ ಎನ್ಸೆಲಾಡಸ್‌ನಲ್ಲಿ ಬಡಿಸಿಟ್ಟಿದೆ ಎಂದು ಎಲ್ಲರೂ ಸಂಭ್ರಮಿಸಿದರು. ಆದರೆ ಅದೇ ಸಂಖ್ಯೆಯನ್ನು ತಿರುಗಿಸಿ ಓದಬೇಕು: ಊಟ ಎಲೆಯಲ್ಲಿ ಹಾಗೇ ಉಳಿದಿದೆ ಎಂದರೆ ಉಣ್ಣುವವರು ಇಲ್ಲದಿರಬಹುದು, ಅಥವಾ ಬಹಳ ಕಡಿಮೆ ಇರಬಹುದು, ಅಥವಾ ಅವರನ್ನು ಇನ್ನಾವುದೋ ಕೊರತೆ ತಡೆದಿರಬಹುದು. ಬಯಸಿದ ಉತ್ತರದ ಕಡೆಗೆ ಸಂಖ್ಯೆಯನ್ನು ಎಳೆಯುವ ಅಭ್ಯಾಸ ಇಲ್ಲಿಂದಲೇ ಶುರುವಾಗುತ್ತದೆ.

ಆ ಅಳತೆ ಎಷ್ಟು ನಾಜೂಕಾಗಿತ್ತು ಎಂಬುದನ್ನೂ ಹೇಳಬೇಕು. ಕ್ಯಾಸಿನಿಯ ಅನಿಲ ಮಾಪಕದ ಒಳಗೋಡೆ ಟೈಟಾನಿಯಂನದು. ಸೆಕೆಂಡಿಗೆ ಹಲವು ಕಿ.ಮೀ. ವೇಗದಲ್ಲಿ ಹಿಮಕಣ ಬಡಿದರೆ ಗೋಡೆಯ ಲೋಹ ಹೊಸದಾಗಿ ಬಯಲಾಗಿ ನೀರಿನ ಜೊತೆ ವರ್ತಿಸುತ್ತದೆ, ಅಲ್ಲೇ ಹೈಡ್ರೋಜನ್ ಹುಟ್ಟುತ್ತದೆ. ಅಂದರೆ ಉಪಕರಣವೇ ಸುಳ್ಳು ಸುಳಿವು ತಯಾರಿಸುತ್ತಿತ್ತು. ಅದಕ್ಕಾಗಿ 2015ರಲ್ಲಿ ಚಿಲುಮೆಯೊಳಗೆ ಹಾದ ಆ ಹಾದಿಯಲ್ಲಿ ಅನಿಲ ಗೋಡೆಗೆ ತಾಗದೆ ನೇರ ಒಳಬರುವ ಇನ್ನೊಂದು ವಿಧಾನದಲ್ಲಿ ಅಳೆದರು. ಈ ಮಾಪಕ ಅನಿಲಗಳನ್ನು ಅಣುವಿನ ದ್ರವ್ಯರಾಶಿಯಿಂದ ಗುರುತಿಸುತ್ತದೆ, ಅಲ್ಲಿ 28ರ ಗೊಂದಲ ಮತ್ತೊಂದು. ನೈಟ್ರೋಜನ್ 28.006, ಕಾರ್ಬನ್ ಮೊನಾಕ್ಸೈಡ್ 27.995, ಎಥಿಲೀನ್ 28.031. 1997ರಲ್ಲಿ ಹಾರಿದ ಆ ಉಪಕರಣಕ್ಕೆ ಮೂರೂ ಒಂದೇ ಗೆರೆ. ಕ್ಲಿಪ್ಪರ್‌ನಲ್ಲಿರುವ ಮಾಸ್ ಸ್ಪೆಕ್ಟ್ರೋಮೀಟರ್ ಇವನ್ನು ಬಿಡಿಸಿ ಓದಬಲ್ಲದು. ಅಂಥದ್ದು ಇನ್ನೂ ಶನಿಯ ಕಡೆ ಹೊರಟಿಲ್ಲ ಎಂಬುದೇ ನನ್ನ ಸಂಕಟ.

ಮುಂದಿನ ನೌಕೆಯ ವೇಗವೇ ಅದರ ವಿನ್ಯಾಸವನ್ನು ನಿರ್ಧರಿಸುತ್ತದೆ. 2015ರ ಆ ಹಾದಿಯಲ್ಲಿ ಕ್ಯಾಸಿನಿಯ ವೇಗ ಸೆಕೆಂಡಿಗೆ 8.5 ಕಿ.ಮೀ. ಅಷ್ಟು ಜೋರಾಗಿ ಬಡಿದರೆ ಅಮಿನೋ ಆಮ್ಲ ಚೂರುಚೂರು. ಪ್ರಯೋಗಾಲಯದಲ್ಲಿ ಹಿಮಕಣಗಳನ್ನು ಹಾರಿಸಿ ನೋಡಿದಾಗ ಸೆಕೆಂಡಿಗೆ 4.2 ಕಿ.ಮೀ.ವರೆಗೆ ಅಮಿನೋ ಆಮ್ಲಗಳು ಉಳಿದವು. ತೀರ ನಿಧಾನವಾದರೂ ಕಷ್ಟ, ಬಡಿತದಿಂದಲೇ ಅಣುಗಳಿಗೆ ವಿದ್ಯುದಂಶ ಬರಿಸುವ ಉಪಕರಣಕ್ಕೆ ಸಾಕಷ್ಟು ಪೆಟ್ಟು ಸಿಗುವುದಿಲ್ಲ. ಎನ್ಸೆಲಾಡಸ್ಸನ್ನೇ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 170 ಮೀಟರ್ ಅಷ್ಟೆ. ಆಗ ಕಣಗಳನ್ನು ತಟ್ಟೆಯ ಮೇಲೆ ಹಿಡಿದು, ಕೂಡಿಟ್ಟು, ಕರಗಿಸಿ, ಉಪ್ಪನ್ನು ಬೇರ್ಪಡಿಸಿ ಆಮೇಲೆ ಓದಬೇಕು. ಉಪ್ಪು ತೆಗೆಯದೆ ಓದಿದರೆ ಸೋಡಿಯಂನ ಅಬ್ಬರದಲ್ಲಿ ಸಾವಯವ ಅಣುಗಳ ಸದ್ದು ಕೇಳಿಸುವುದಿಲ್ಲ. ಧ್ರುವದ ಮೇಲೆ ಹಾಯುವ ಕಕ್ಷೆಯನ್ನು ಶನಿಯ ಸೆಳೆತ ಬೇಗ ಕೆಡಿಸುವುದರಿಂದ ಇಂಧನವೂ ಬೇಕು. ಇಷ್ಟಾದರೂ ನಾನು ನಿಧಾನದ ಪಕ್ಷ. ಸಾಧ್ಯವಾದರೆ ಇಳಿಯಬೇಕು: ಬಿರುಕುಗಳ ಬಳಿ ಉದುರುವ ಹಿಮದಲ್ಲಿ ದಪ್ಪ, ಉಪ್ಪು ಹೆಚ್ಚಿರುವ ಕಣಗಳಿರುತ್ತವೆ, ಅವು ಎತ್ತರಕ್ಕೆ ಏರುವುದೇ ಕಡಿಮೆ.

ಕಣಗಳ ಲೆಕ್ಕ ತಾಳ್ಮೆಯಿಂದ ಮಾಡಬೇಕಾದದ್ದು. ಅಂಟಾರ್ಕ್ಟಿಕಾದ 800 ಮೀಟರ್ ಹಿಮದ ಕೆಳಗಿನ ವಿಲ್ಲನ್ಸ್ ಸರೋವರದಲ್ಲಿ ಒಂದು ಮಿಲಿಲೀಟರ್ ನೀರಿಗೆ ಸುಮಾರು 1.3 ಲಕ್ಷ ಜೀವಕೋಶಗಳಿದ್ದವು. ಒಂದು ಮಿಲಿಲೀಟರನ್ನು ಒಂದು ಮೈಕ್ರಾನ್ ಅಗಲದ ಹನಿಗಳಾಗಿ ಒಡೆದರೆ ಸುಮಾರು ಎರಡು ಲಕ್ಷ ಕೋಟಿ ಹನಿ. ಎನ್ಸೆಲಾಡಸ್‌ನಲ್ಲೂ ಅಷ್ಟೇ ಕೋಶಗಳಿವೆ ಎಂದಿಟ್ಟುಕೊಂಡರೂ ಒಂದೂವರೆ ಕೋಟಿ ಹನಿಗಳಲ್ಲಿ ಒಂದರಲ್ಲಿ ಒಂದು ಕೋಶ. ಅದೂ ಕೋಶ ಆ ಹನಿಯಲ್ಲಿ ಹಿಡಿಸಿದರೆ. ಇನ್ನೊಂದು ಕಡೆ, ಬಿರುಕಿನ ನೀರಿನಲ್ಲಿ ಗುಳ್ಳೆಗಳು ಒಡೆಯುವಾಗ ಮೇಲ್ಪೊರೆಯ ಸಾವಯವ ವಸ್ತು ಹನಿಯೊಳಗೆ ಹೆಚ್ಚಾಗಿ ಸೇರಬಹುದು, ಭೂಮಿಯ ಕಡಲ ತುಂತುರಿನಲ್ಲಿ ಹೀಗೇ ಆಗುತ್ತದೆ. ಹಾಗಾಗಿ ಹನಿಯಲ್ಲಿ ಕಂಡದ್ದನ್ನು ಕಡಲಿನ ಸರಾಸರಿ ಎಂದು ಓದುವಂತಿಲ್ಲ. ಒಂದು ಹಾದಿಯಲ್ಲಿ ಏನೂ ಕಾಣಲಿಲ್ಲ ಎಂದರೆ ಕಡಲು ಬರಿದು ಎಂದೂ ಆಗುವುದಿಲ್ಲ. ಎಷ್ಟು ಮಿಲಿಲೀಟರ್ ಕೂಡಿದ ಮೇಲೆ "ಇಲ್ಲ" ಎನ್ನಬಹುದು ಎಂಬ ಸಂಖ್ಯೆ ಮೊದಲೇ ನಿಗದಿಯಾಗಿರಬೇಕು.

ಸಿಕ್ಕಿತು ಎನ್ನಲು ಏನು ಬೇಕು? ಅಮಿನೋ ಆಮ್ಲ ಸಿಕ್ಕರೆ ಸಾಲದು. ಬೆನ್ನು ಕ್ಷುದ್ರಗ್ರಹದಿಂದ 2023ರಲ್ಲಿ ತಂದ ಮಣ್ಣಿನಲ್ಲಿ, ನಮ್ಮ ಪ್ರೋಟೀನ್‌ಗಳಲ್ಲಿರುವ 20 ಅಮಿನೋ ಆಮ್ಲಗಳ ಪೈಕಿ 14 ಸಿಕ್ಕವು, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಐದೂ ಕ್ಷಾರಗಳು ಸಿಕ್ಕವು. ಅಲ್ಲಿ ಜೀವ ಇರಲಿಲ್ಲ. ಅಮಿನೋ ಆಮ್ಲಗಳಿಗೆ ಕನ್ನಡಿಯ ಪ್ರತಿಬಿಂಬಗಳಂತೆ ಎಡಗೈ, ಬಲಗೈ ಎಂಬ ಎರಡು ರೂಪಗಳಿವೆ, ಅವು ಅಲ್ಲಿ ಹೆಚ್ಚುಕಡಿಮೆ ಸಮವಾಗಿದ್ದವು. ನೋಡಬೇಕಾದ್ದು ವಿನ್ಯಾಸ. ಜೀವವಿಲ್ಲದ ರಸಾಯನದಲ್ಲಿ ಸರಳವಾದ ಗ್ಲೈಸಿನ್ ಬಹಳ ಹೆಚ್ಚು, ಸಂಕೀರ್ಣ ಅಣುಗಳು ಇಳಿಮುಖ. ಜೀವ ಮಾತ್ರ ದುಬಾರಿ ಅಣುಗಳನ್ನೂ ಬೇಕಾದಷ್ಟು ಕಟ್ಟುತ್ತದೆ. ಎರಡು ಕೈಗಳಲ್ಲಿ ಒಂದನ್ನೇ ಆರಿಸಿಕೊಳ್ಳುತ್ತದೆ. ಕೊಬ್ಬಿನ ಆಮ್ಲಗಳನ್ನು ಎರಡೆರಡು ಇಂಗಾಲ ಜೋಡಿಸಿ ಕಟ್ಟುವುದರಿಂದ ಸರಪಳಿಗಳಲ್ಲಿ ಸಮಸಂಖ್ಯೆ ಎದ್ದು ಕಾಣುತ್ತದೆ. ಈ ಮೂರು ಬೇರೆ ಬೇರೆ ಉಪಕರಣಗಳಲ್ಲಿ, ಒಂದೇ ಮಾದರಿಯಲ್ಲಿ ಕಂಡರೆ ನಾನು ಒಪ್ಪುತ್ತೇನೆ. ಒಂದೇ ಕಂಡರೆ ಒಪ್ಪುವುದಿಲ್ಲ.

1976ರ ವೈಕಿಂಗ್ ನೌಕೆಗಳ ಪಾಡು ನೆನಪಿರಲಿ. ಮಂಗಳದ ಮಣ್ಣಿಗೆ ಪೋಷಕಾಂಶ ಹಾಕಿದ ಪ್ರಯೋಗ "ಹೌದು" ಎಂಬಂತೆ ವರ್ತಿಸಿತು, ಸಾವಯವ ಅಣು ಹುಡುಕುವ ಉಪಕರಣ "ಇಲ್ಲ" ಎಂದಿತು. ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣ ಇದೆ ಎಂದು ಫೀನಿಕ್ಸ್ ನೌಕೆ 2008ರಲ್ಲಿ ಕಂಡುಹಿಡಿದಾಗ, ಬಿಸಿ ಮಾಡುವಾಗಲೇ ಸಾವಯವ ವಸ್ತು ಸುಟ್ಟುಹೋಗಿದ್ದಿರಬಹುದು ಎಂಬ ವಾದ ಬಂತು. ಸುತ್ತಲಿನ ರಸಾಯನ ತಿಳಿಯದೆ ಜೀವದ ಪ್ರಶ್ನೆ ಕೇಳಿದ್ದರ ಬೆಲೆ ಅದು. ಎನ್ಸೆಲಾಡಸ್‌ನಲ್ಲಿ ಸುತ್ತಲಿನ ರಸಾಯನ ಬಹುಮಟ್ಟಿಗೆ ಗೊತ್ತಿರುವುದೇ ಅದರ ದೊಡ್ಡ ಅನುಕೂಲ.

ಕೊನೆಯದಾಗಿ ಶುಚಿತ್ವ. ಭೂಮಿಯ ಸೂಕ್ಷ್ಮಜೀವಿ ಯುರೋಪಾ ಅಥವಾ ಎನ್ಸೆಲಾಡಸ್‌ನ ಕಡಲು ಸೇರುವ ಸಾಧ್ಯತೆ ಒಂದು ಯಾನಕ್ಕೆ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಇದಕ್ಕಾಗಿಯೇ ಗೆಲಿಲಿಯೋವನ್ನು 2003ರಲ್ಲಿ ಗುರುವಿನೊಳಕ್ಕೂ ಕ್ಯಾಸಿನಿಯನ್ನು 2017ರಲ್ಲಿ ಶನಿಯೊಳಕ್ಕೂ ಬೀಳಿಸಿದರು. ಆದರೆ ಕಡಲನ್ನು ಕಾಪಾಡಿದರೆ ಸಾಲದು, ಫಲಿತಾಂಶವನ್ನೂ ಕಾಪಾಡಬೇಕು. ಅಂಟಾರ್ಕ್ಟಿಕಾದ ವೋಸ್ಟಾಕ್ ಸರೋವರವನ್ನು 2012ರಲ್ಲಿ ಮುಟ್ಟಿದಾಗ ರಂಧ್ರದಲ್ಲಿ ಸೀಮೆಎಣ್ಣೆ ತುಂಬಿತ್ತು. ಮೇಲೆ ಬಂದ ನೀರು ಅದರ ಜೊತೆ ಬೆರೆತು, ಸಿಕ್ಕ ಸೂಕ್ಷ್ಮಜೀವಿ ಸರೋವರದ್ದೋ ಎಣ್ಣೆಯದ್ದೋ ಎಂಬ ತಗಾದೆ ಹುಟ್ಟಿತು. ಮರುವರ್ಷ ವಿಲ್ಲನ್ಸ್‌ನಲ್ಲಿ ಸೋಸಿ, ನೇರಳಾತೀತ ಬೆಳಕು ಹಾಯಿಸಿದ ಬಿಸಿನೀರಿನಿಂದ ಕೊರೆದರು. ಆ ಫಲಿತಾಂಶವನ್ನು ಜನ ಒಪ್ಪಿದರು.

ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ 2040ರ ದಶಕದ ಆರಂಭದಲ್ಲಿ ಎನ್ಸೆಲಾಡಸ್‌ಗೆ ಹೊರಡುವ ಯೋಜನೆ ರೂಪಿಸುತ್ತಿದೆ, ಅಮೆರಿಕದ ವಿಜ್ಞಾನಿಗಳು 2022ರಲ್ಲಿ ಸುತ್ತಿ ಇಳಿಯುವ ಆರ್ಬಿಲ್ಯಾಂಡರ್ ಎಂಬ ನೌಕೆಯನ್ನು ಯುರೇನಸ್ ಯಾನದ ನಂತರದ ಆದ್ಯತೆಯಾಗಿ ಶಿಫಾರಸು ಮಾಡಿದ್ದಾರೆ. ತೂಕ ಉಳಿಸಬೇಕಾಗಿ ಬಂದಾಗ ಕತ್ತರಿ ಬೀಳುವುದು ಕ್ಯಾಮೆರಾಗಳ ಮೇಲಾಗಲಿ. ಉಪಕರಣದಲ್ಲೇ ಭೂಮಿಯ ಕೊಳೆ ಇದೆಯೇ ಎಂದು ತಿಳಿಯಲು ಭೂಮಿಯಲ್ಲೇ ಮುದ್ರೆ ಹಾಕಿ ಕಳಿಸಿದ ಖಾಲಿ ಬಟ್ಟಲುಗಳ ಮೇಲೆ ಬೀಳಬಾರದು. ಚಿಲುಮೆಯ ಪ್ರತಿ ಮಾದರಿಗೂ ಮುಂಚೆ ಒಂದು ಖಾಲಿ ಬಟ್ಟಲನ್ನು ಅದೇ ನಳಿಕೆ, ಅದೇ ನೀರು, ಅದೇ ಉಷ್ಣತೆಯಲ್ಲಿ ಓಡಿಸಿ, ಆ ಓದನ್ನೂ ಮಾದರಿಯ ಓದನ್ನೂ ಒಂದೇ ದಿನ ಭೂಮಿಗೆ ಕಳಿಸಬೇಕು.